ಹಳೆಯ ಫೋಟೋದ ಮೂಲೆಯಲ್ಲಿ ಯಾರಿದ್ದಾರೆ? ಮ್ಯೂಸಿಯಂ ಸಂಗ್ರಹದಲ್ಲಿ ದಿನದ ಬದುಕು ಹುಡುಕುವ ದಾರಿ

1838ರಲ್ಲಿ ಲೂಯಿ ಡಗೇರ್ ಕಿಟಕಿಯಿಂದ ಪ್ಯಾರಿಸ್‌ನ ಒಂದು ಬೀದಿಯ ಫೋಟೋ ತೆಗೆದರು. ಬುಲ್ವಾರ್ ದು ತಾಂಪ್ಲ್ ಅಂತ ಅದರ ಹೆಸರು. ಸದಾ ಗಿಜಿಗುಡುವ ಬೀದಿ. ಆದರೆ ಫೋಟೋದಲ್ಲಿ ಗಾಡಿ ಇಲ್ಲ, ಕುದುರೆ ಇಲ್ಲ, ಊರಿಗೆ ಊರೇ ಖಾಲಿ ಮಾಡಿ ಹೋದ ಹಾಗಿದೆ. ಆಗಿನ ಪ್ಲೇಟಿನ ಮೇಲೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು, ಅಷ್ಟು ಹೊತ್ತಿನಲ್ಲಿ ಓಡಾಡಿದವರ ಗುರುತೇ ಉಳಿಯಲಿಲ್ಲ. ಉಳಿದದ್ದು ಕೆಳಗಿನ ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲು ಎತ್ತಿಟ್ಟು ಅಲುಗದೆ ನಿಂತಿದ್ದ ಯಾರೋ ಒಬ್ಬ. ಪಾಲಿಶ್ ಮಾಡುತ್ತಿದ್ದವನೂ ಮಸುಕಾಗಿ ಕಾಣುತ್ತಾನೆ.

ಡಗೇರ್ ತೆಗೆಯಲು ಹೊರಟಿದ್ದು ಬೀದಿಯನ್ನು. ಬೂಟಿನವನು ಕರೆಯದೇ ಬಂದ ನೆಂಟ. ದಿನನಿತ್ಯದ ಬದುಕು ಹಳೆಯ ಫೋಟೋಗಳೊಳಗೆ ಬರುವುದೇ ಹೀಗೆ, ಯಾರೂ ಕರೆಯದೆ, ಮೂಲೆಯಿಂದ. ಆದ್ದರಿಂದ ಮ್ಯೂಸಿಯಂ ಸಂಗ್ರಹದಲ್ಲಿ ಅದನ್ನು ಹುಡುಕಬೇಕಾದರೆ ನಾವೂ ಫೋಟೋವನ್ನು ಸ್ವಲ್ಪ ತಲೆಕೆಳಗಾಗಿ ನೋಡಬೇಕು. ನಾನು ಎಷ್ಟೋ ಸಲ ಎಡವಿದ ಮೇಲೆ ಕಲಿತ ಕ್ರಮ ಇದು.

ಮೊದಲು, ಒಂದೇ ಒಂದು ಫೋಟೋ ಆರಿಸಿ

ನೂರು ಬೇಡ. ಸಂಗ್ರಹ ತೆರೆದ ತಕ್ಷಣ ನಾವೆಲ್ಲ ಮಾಡುವುದು ಒಂದೇ ಕೆಲಸ: ಸರಸರ ಕೆಳಗೆ ಹೋಗುತ್ತ "ಎಷ್ಟು ಚೆಂದ" ಅನ್ನುವುದು, ಮುಂದಿನದು, ಮುಂದಿನದು. ಅರ್ಧ ಗಂಟೆ ಆದ ಮೇಲೆ ಕಣ್ಣು ಮುಚ್ಚಿದರೆ ಒಂದೂ ನೆನಪಿರುವುದಿಲ್ಲ.

ಆರಿಸುವಾಗ ಚೆಂದದ್ದನ್ನು ಬಿಡಿ, ಬೋರಿನದನ್ನು ಹಿಡಿಯಿರಿ. ರಸ್ತೆ ಅಗೆಯುವ ಮೊದಲು ತೆಗೆದದ್ದು, ಚರಂಡಿ ರಿಪೇರಿಗೆ ತೆಗೆದದ್ದು, ಕೆಡವಬೇಕಾದ ಕಟ್ಟಡದ ದಾಖಲೆಗೆ ತೆಗೆದದ್ದು. ಇಂಥವುಗಳಲ್ಲಿ ಯಾರೂ ನಗು ಅಭ್ಯಾಸ ಮಾಡಿಕೊಂಡು ಬಂದಿರುವುದಿಲ್ಲ. ಥಾಮಸ್ ಆನನ್ 1868ರಿಂದ 1871ರವರೆಗೆ ಗ್ಲಾಸ್ಗೋದ ಇಕ್ಕಟ್ಟಾದ ಓಣಿಗಳನ್ನು ತೆಗೆದದ್ದು ಅಲ್ಲಿನ ನಗರ ಸುಧಾರಣಾ ಟ್ರಸ್ಟಿಗಾಗಿ. ಆ ಓಣಿಗಳನ್ನು ಕೆಡವುವುದಿತ್ತು, ಅದಕ್ಕೆ ಮೊದಲು ಒಂದು ದಾಖಲೆ ಬೇಕಿತ್ತು. ಈಗ ಅವನ್ನು ನೋಡಿದರೆ ಕಣ್ಣು ಹೋಗುವುದು ಗೋಡೆಗಳ ಕಡೆಗಲ್ಲ. ಎರಡು ಗೋಡೆಗಳ ನಡುವೆ ಒಣಗಲು ಹಾಕಿದ ಬಟ್ಟೆಗಳ ಕಡೆಗೆ, ನಿಂತಲ್ಲಿ ನಿಲ್ಲಲಾರದೆ ಮಸುಕಾದ ಮಕ್ಕಳ ಕಡೆಗೆ.

ಆರಿಸಿದ ಮೇಲೆ ಸಿಗುವ ಅತಿ ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಷ್ಟೋ ಫೋಟೋಗಳ ಭಾರೀ ಟಿಫ್ ಫೈಲುಗಳನ್ನು ಹಾಗೇ ಕೊಡುತ್ತದೆ. ಅಲ್ಲಿನದೇ ದೊಡ್ಡ ಮ್ಯೂಸಿಯಂ ಸಂಸ್ಥೆ ಸ್ಮಿತ್ಸೋನಿಯನ್ 2020ರಲ್ಲಿ ಸುಮಾರು 28 ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿತು, ಅದರಲ್ಲೂ ಫೋಟೋಗಳಿವೆ. ಗಾಜಿನ ನೆಗೆಟಿವ್‌ನಿಂದ ಬಂದ ಫೋಟೋ ಆದರೆ ನಿಮ್ಮ ಅದೃಷ್ಟ. ದೊಡ್ಡ ಗಾಜಿನ ಪ್ಲೇಟಿನಲ್ಲಿ ಎಷ್ಟು ವಿವರ ಇರುತ್ತದೆ ಅಂದರೆ ಜೂಮ್ ಮಾಡುತ್ತ ಹೋದರೆ ಆಚೆ ಬದಿಯ ಗೋಡೆಗೆ ಅಂಟಿಸಿದ ಪೋಸ್ಟರಿನ ಅಕ್ಷರಗಳೂ ಓದಲು ಸಿಗಬಹುದು.

ಅಡಿಬರಹ ಮುಚ್ಚಿ, ಮೂಲೆಯಿಂದ ಶುರು ಮಾಡಿ

ಅಡಿಬರಹ ಮೊದಲೇ ಓದಿದರೆ ಕಥೆ ಮುಗಿಯಿತು. "ಮಾರುಕಟ್ಟೆ ದಿನ" ಅಂತ ಬರೆದಿದ್ದರೆ ಮಾರುಕಟ್ಟೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೇ ಸುಮ್ನೆ ಹತ್ತು ನಿಮಿಷ ಚಿತ್ರ ಮಾತ್ರ ನೋಡಿ.

ನನ್ನದೊಂದು ಬಡ ಉಪಾಯ ಇದೆ. ಒಂದು ಹಾಳೆಯ ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ ಅದನ್ನು ಪರದೆಯ ಮೇಲೆ ಇಟ್ಟು ಸರಿಸುತ್ತ ಹೋಗುವುದು. ಕೆಳಗಿನ ಎಡ ಮೂಲೆ, ಆಮೇಲೆ ಅಂಚು ಹಿಡಿದು ಸುತ್ತ, ಕೊನೆಗೆ ಮಧ್ಯ. ನಗಬೇಡಿ, ಇದು ಕೆಲಸ ಮಾಡುತ್ತದೆ. ರಸ್ತೆ ಅಗೆತದ ಒಂದು ಫೋಟೋವನ್ನು ನಾನು ವಾರಗಟ್ಟಲೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಗುದ್ದಲಿ ಹಿಡಿದು ಸಾಲಾಗಿ ನಿಂತ ಆರು ಗಂಡಸರು, ಅಷ್ಟೇ ಅಂದುಕೊಂಡಿದ್ದೆ. ಕಿಂಡಿ ಇಟ್ಟ ದಿನ ಮೇಲಿನ ಮಹಡಿಯ ಕಿಟಕಿಯಲ್ಲಿ ಒಬ್ಬ ಹೆಂಗಸು ಸಿಕ್ಕಳು. ಕೈಯಲ್ಲಿ ಒರೆಸುವ ಬಟ್ಟೆ, ತಲೆ ಮಸುಕು. ಕೆಳಗೆ ಏನು ಗಲಾಟೆ ಅಂತ ಬಗ್ಗಿ ನೋಡಿದ್ದಾಳೆ, ಅಷ್ಟರಲ್ಲಿ ಲೆನ್ಸ್ ಮುಚ್ಚಿದೆ. ಎದುರು ಮನೆಯ ಕಾಲುದಾರಿಯ ಮೇಲೆ ಒಂದು ಖಾಲಿ ಕುರ್ಚಿಯೂ ಸಿಕ್ಕಿತು.

ಅಂಚಿನಲ್ಲಿ ನೋಡಬೇಕಾದದ್ದು: ನೆಲ (ಕೆಸರು, ಸಗಣಿ, ಕಸ), ಕಿಟಕಿ, ಗಾಜಿನ ಪ್ರತಿಬಿಂಬ, ತಂತಿಗಳು, ಬಟ್ಟೆ ಹಗ್ಗ, ಕೈಗಳು. ಮುಖಕ್ಕಿಂತ ಕೈ ಜಾಸ್ತಿ ಹೇಳುತ್ತದೆ ಅಂತ ನನ್ನ ನಂಬಿಕೆ. ಕ್ಯಾಮೆರಾ ಕಂಡ ಕೂಡಲೇ ಮುಖ ಸಿದ್ಧವಾಗುತ್ತದೆ, ಕೈ ಮಾತ್ರ ತಾನು ಹಿಡಿದುಕೊಂಡಿದ್ದನ್ನು ಹಿಡಿದೇ ಇರುತ್ತದೆ.

ಫೋಟೋ ಯಾವ ಬಗೆಯದು ಅಂತ ತಿಳಿದುಕೊಳ್ಳಿ

ಇದು ತಾಂತ್ರಿಕ ವಿಷಯ, ನಮಗ್ಯಾಕೆ ಅನ್ನಿಸಬಹುದು. ಆದರೆ ನಾವು ಮಾಡುವ ತಪ್ಪುಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತವೆ, ಯಾಕೆಂದರೆ ಕ್ಯಾಮೆರಾದ ಮಿತಿಯನ್ನು ನಾವು ಆ ಕಾಲದ ಜನರ ಸ್ವಭಾವ ಅಂತ ಓದಿಬಿಡುತ್ತೇವೆ.

1839ರಲ್ಲಿ ಲೋಕಕ್ಕೆ ಗೊತ್ತಾದ ಡಗೇರೋಟೈಪ್ ಬೆಳ್ಳಿ ಲೇಪದ ತಾಮ್ರದ ತಗಡು, ಕನ್ನಡಿಯಂತೆ ಹೊಳೆಯುತ್ತದೆ. 1851ರಲ್ಲಿ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವೆಟ್ ಕೊಲೋಡಿಯನ್‌ನಲ್ಲಿ ಗಾಜಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆದು ಮುಗಿಸಬೇಕಿತ್ತು. ಅಂದರೆ ಫೋಟೋಗ್ರಾಫರ್ ಹೋದಲ್ಲೆಲ್ಲ ಕತ್ತಲೆ ಗುಡಾರವೂ ಹೋಗಬೇಕು. ಅಂಥ ಸಂಸಾರ ಹೊತ್ತು ಬಂದವನ ಮುಂದೆ ಯಾರು ತಾನೇ ಮಾಮೂಲಾಗಿ ಕೆಲಸ ಮಾಡುತ್ತಾ ಇರುತ್ತಾರೆ? ಎಲ್ಲರೂ ಗುದ್ದಲಿ ಕೆಳಗಿಟ್ಟು ಸಾಲಾಗಿ ನಿಲ್ಲುತ್ತಾರೆ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಡ್ರೈ ಪ್ಲೇಟಿನ (ಮೊದಲೇ ಬಳಿದು ಒಣಗಿಸಿಟ್ಟ ಪ್ಲೇಟು) ದಾರಿ ತೋರಿಸಿದ ಮೇಲೆ ಈ ಅವಸರ ತಪ್ಪಿತು. ಮುಂದೆ ಪ್ಲೇಟುಗಳ ವೇಗವೂ ಹೆಚ್ಚಿ, ನಡೆಯುವ ಕಾಲು ನಡೆಯುವಾಗಲೇ ಸಿಗತೊಡಗಿತು.

ಈಗ ಸಾಮಾನ್ಯ ತಪ್ಪುಗಳು. ಹಳೆಯ ಜನ ನಗುತ್ತಿರಲಿಲ್ಲ ಅಂತ ಒಂದು. ಅಲುಗದೆ ಕೂರಬೇಕಿತ್ತು ಅನ್ನುವುದು ನಿಜ, ಸ್ಟುಡಿಯೋಗಳಲ್ಲಿ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಸ್ಟ್ಯಾಂಡ್ ಇಡುತ್ತಿದ್ದರು, ಆದರೆ ಅಷ್ಟೇ ಕಾರಣ ಅಲ್ಲ. ಬಣ್ಣದಲ್ಲಿ ಬರೆಸಿಕೊಂಡ ಭಾವಚಿತ್ರದಂತೆ ಗಂಭೀರವಾಗಿ ಕೂರಬೇಕು ಅನ್ನುವ ರೂಢಿಯೂ ಇತ್ತು. ಆ ಸ್ಟ್ಯಾಂಡಿನ ಪಾದ ಬೂಟಿನ ಹಿಂದೆ ಇಣುಕಿದ್ದನ್ನು ನೋಡಿ "ಅಯ್ಯೋ, ಇದು ಹೆಣವನ್ನು ನಿಲ್ಲಿಸಿ ತೆಗೆದ ಫೋಟೋ" ಅಂತ ಹಂಚುವವರು ತುಂಬಾ ಜನ. ಅದು ಸುಳ್ಳು. ಆ ಸ್ಟ್ಯಾಂಡ್ ಬದುಕಿದವರ ತಲೆಗೆ ಆಸರೆ ಕೊಡುವಂಥದ್ದು, ನಿರ್ಜೀವ ದೇಹದ ಭಾರ ಹೊರುವಂಥದ್ದಲ್ಲ. ಸತ್ತವರ ಫೋಟೋ ತೆಗೆಯುತ್ತಿದ್ದದ್ದು ನಿಜ. ಸಾಮಾನ್ಯವಾಗಿ ಮಲಗಿಸಿ, ಇಲ್ಲವೇ ಒರಗಿಸಿ.

ಇನ್ನೊಂದು, ಬಣ್ಣ. 19ನೇ ಶತಮಾನದ ಪ್ಲೇಟುಗಳಿಗೆ ನೀಲಿ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ ಅನ್ನಬಹುದು. ಹಾಗಾಗಿ ನೀಲಿ ಆಕಾಶ ಬಿಳಿಯಾಗಿದೆ, ನೀಲಿ ಕಣ್ಣು ಪೇಲವವಾಗಿದೆ, ಕಡುಗೆಂಪು ಬಟ್ಟೆ ಕಪ್ಪಾಗಿದೆ, ಮುಖದ ಮಚ್ಚೆಗಳು ಎದ್ದು ಕಾಣುತ್ತಿವೆ. ಕಪ್ಪು ಉಡುಪು ಕಂಡ ಕೂಡಲೇ ಶೋಕ ಅಂತ ಬರೆಯಬೇಡಿ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಲೇಟುಗಳು 1906ರ ಸುಮಾರಿಗೆ ಮಾರಾಟಕ್ಕೆ ಬಂದರೂ ಎಲ್ಲರ ಕೈಗೆ ಬರಲು ಬಹಳ ವರ್ಷ ಹಿಡಿಯಿತು.

ಈ ಮಿತಿಗಳೇ ಕೆಲವೊಮ್ಮೆ ಬದುಕನ್ನು ಹಿಡಿದುಕೊಡುತ್ತವೆ. ಮಗುವನ್ನು ಅಲುಗದಂತೆ ಕೂರಿಸುವುದು ಯಾರಿಂದ ಸಾಧ್ಯ? ಅದಕ್ಕೇ ತಾಯಿ ಕುರ್ಚಿಯಂತೆ ಕೂತು, ಮೇಲೆ ಬಟ್ಟೆ ಹೊದ್ದು, ಮಗುವನ್ನು ತೊಡೆಯ ಮೇಲೆ ಹಿಡಿದುಕೊಳ್ಳುತ್ತಿದ್ದಳು. ಸಂಗ್ರಹಕಾರರು ಇವುಗಳನ್ನು "ಅಡಗಿದ ತಾಯಿ" ಫೋಟೋ ಅನ್ನುತ್ತಾರೆ. ಸೋಫಾ ಬಟ್ಟೆಯೊಳಗಿಂದ ಒಂದು ಕೈ ಬಂದು ಮಗುವಿನ ಸೊಂಟ ಹಿಡಿದಿರುತ್ತದೆ. ಒಮ್ಮೆ ಕಂಡ ಮೇಲೆ ಮಗು ಕಾಣುವುದೇ ಇಲ್ಲ, ಕೈಯೇ ಕಾಣುತ್ತದೆ.

ಎಡ ಬಲ ಸರಿ ಇದೆಯಾ ನೋಡಿ

ಡಗೇರೋಟೈಪ್ ಮತ್ತು ಟಿನ್‌ಟೈಪ್‌ಗಳಲ್ಲಿ (ಟಿನ್‌ಟೈಪ್ ಅಂದರೂ ಅದು ಕಬ್ಬಿಣದ ತೆಳು ತಗಡು, ಅಯಸ್ಕಾಂತ ಹಿಡಿಯುತ್ತದೆ) ಚಿತ್ರ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅಮೆರಿಕದ ದರೋಡೆಕೋರ ಬಿಲ್ಲಿ ದ ಕಿಡ್‌ನ ಪ್ರಸಿದ್ಧ ಟಿನ್‌ಟೈಪ್ ನೋಡಿ ಜನ ಅವನು ಎಡಗೈಯವನು ಅಂತ ಎಷ್ಟೋ ದಶಕ ನಂಬಿದ್ದರು. ಪಕ್ಕದಲ್ಲಿ ಅವನು ಊರಿದ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ತಪ್ಪು ಬದಿಯಲ್ಲಿದೆ ಅಂತ ಯಾರೋ ಗಮನಿಸಿದಾಗ ಗುಟ್ಟು ರಟ್ಟಾಯಿತು. ಗಾಜಿನ ನೆಗೆಟಿವ್‌ಗಳನ್ನೂ ಸ್ಕ್ಯಾನ್ ಮಾಡುವಾಗ ತಿರುಗಿಸಿ ಇಟ್ಟುಬಿಡಬಹುದು. ಫಲಕಗಳ ಅಕ್ಷರ, ಗಡಿಯಾರದ ಮುಖ, ಕೋಟಿನ ಗುಂಡಿ ಯಾವ ಕಡೆ ಇದೆ ಅನ್ನುವುದು, ಈ ಮೂರು ನೋಡಿದರೆ ಸಾಕು.

ಕಾಲ ಗುರುತಿಸುವುದು

ಒಂದೇ ನಿಯಮ ನೆನಪಿಡಿ: ಫೋಟೋದಲ್ಲಿರುವ ಅತಿ ಹೊಸ ವಸ್ತುವಿಗಿಂತ ಫೋಟೋ ಹಳೆಯದಾಗಿರಲು ಸಾಧ್ಯವಿಲ್ಲ. ಹಳೆಯ ವಸ್ತುಗಳು ಏನೂ ಹೇಳುವುದಿಲ್ಲ. ಒಂದು ಕೋಟು 20 ವರ್ಷ ಬಾಳುತ್ತದೆ, ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ. ಬಡವರ ಬಟ್ಟೆಯನ್ನು ಫ್ಯಾಷನ್ ಪುಸ್ತಕದ ಜೊತೆ ಹೋಲಿಸಿದರೆ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿಬಿಡುತ್ತೀರಿ. ನಾನು ಹಾಗೇ ಹೋಗಿದ್ದೆ. ಟೋಪಿ ನೋಡಿ ಕಾಲ ಹೇಳಿ ಬೀಗುತ್ತಿದ್ದೆ, ಗೆಳತಿಯೊಬ್ಬಳು ಹಿಂದಿನ ಕಂಬದ ಮೇಲಿದ್ದ ಟೆಲಿಫೋನ್ ತಂತಿ ತೋರಿಸಿದಳು, ಬಾಯಿ ಮುಚ್ಚಿಕೊಂಡೆ.

ಹಿಂಬದಿಯ ಸ್ಕ್ಯಾನ್ ಇದ್ದರೆ ಬಿಡಬೇಡಿ. ನಿಜವಾದ ಮಾಹಿತಿ ಎಷ್ಟೋ ಸಲ ಅಲ್ಲೇ ಇರುತ್ತದೆ. ಅಮೆರಿಕದ ಪುಟ್ಟ ಫೋಟೋ ಕಾರ್ಡುಗಳ ಹಿಂದೆ ತೆರಿಗೆ ಸ್ಟಾಂಪು ಇದ್ದರೆ ಅವು 1864ರಿಂದ 1866ರ ನಡುವೆ ಮಾರಾಟವಾದವು, ಯಾಕೆಂದರೆ ಆ ತೆರಿಗೆ ಇದ್ದದ್ದೇ ಅಷ್ಟು ಕಾಲ. ಪೋಸ್ಟ್‌ಕಾರ್ಡ್ ಆಗಿದ್ದು, ಹಿಂಬದಿಯನ್ನು ಗೆರೆ ಹಾಕಿ ಎರಡು ಭಾಗ ಮಾಡಿದ್ದರೆ, ಬ್ರಿಟನ್ನಿನಲ್ಲಿ ಅದು 1902ಕ್ಕಿಂತ ಹಿಂದಿನದಲ್ಲ, ಅಮೆರಿಕದಲ್ಲಿ 1907ಕ್ಕಿಂತ ಹಿಂದಿನದಲ್ಲ. ಸ್ಟುಡಿಯೋ ವಿಳಾಸ ಇದ್ದರೆ ಆ ಊರಿನ ಹಳೆಯ ಡೈರೆಕ್ಟರಿಗಳಲ್ಲಿ ಹುಡುಕಿ. ಸ್ಟುಡಿಯೋಗಳು ಆಗಾಗ ಜಾಗ ಬದಲಿಸುತ್ತಿದ್ದವು, ಅದು ನಮಗೆ ಅನುಕೂಲ. ನೆರಳಿನ ಉದ್ದ ನೋಡಿ ಹೊತ್ತನ್ನೂ ಅಂದಾಜು ಮಾಡಬಹುದು, ಆದರೆ ಅಷ್ಟಕ್ಕೆ ಹೋಗುವವರು ಕಡಿಮೆ.

ಈಗ ಅಡಿಬರಹ ಓದಿ, ಆದರೆ ನಂಬಬೇಡಿ

ಅಡಿಬರಹ ಬರೆದವರು ಸಾಮಾನ್ಯವಾಗಿ ಫೋಟೋದಲ್ಲಿರುವವರಲ್ಲ. ಫೋಟೋ ತೆಗೆದವರು, ಕೊಂಡವರು, ಇಲ್ಲವೇ ಎಷ್ಟೋ ವರ್ಷದ ಮೇಲೆ ಕ್ಯಾಟಲಾಗ್ ಮಾಡಿದವರು. ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ತೆಗೆದ "ವಲಸೆ ತಾಯಿ" ಫೋಟೋ ಗೊತ್ತಲ್ವಾ? ಲ್ಯಾಂಗ್ ಆ ಹೆಂಗಸಿನ ಹೆಸರು ಕೇಳಿರಲಿಲ್ಲ. ಆ ಕುಟುಂಬ ಕಾರಿನ ಟೈರು ಮಾರಿಕೊಂಡಿತ್ತು ಅಂತ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಟೈರಿನ ಮಾತು ನಿಜವಲ್ಲ ಅಂತ ಕುಟುಂಬ ಹೇಳಿತು. ಆ ಫೋಟೋದ ಬಲ ಅಂಚಿನಲ್ಲಿ ಕೆಳಗೆ ಕಾಣುತ್ತಿದ್ದ ಒಂದು ಹೆಬ್ಬೆರಳನ್ನೂ ಆಮೇಲೆ ನೆಗೆಟಿವ್ ತಿದ್ದಿ ಮಸುಕು ಮಾಡಿಸಿದರು. ಅಂಚಿನಲ್ಲಿ ಕರೆಯದೇ ಬಂದಿದ್ದ ಹೆಬ್ಬೆರಳು!

ಎಲ್ಲರೂ ಹೀಗಲ್ಲ. ಲೂಯಿಸ್ ಹೈನ್ 1908ರಿಂದ ಅಮೆರಿಕದ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆಯುತ್ತಿದ್ದಾಗ ಹೆಸರು, ವಯಸ್ಸು, ಕೆಲಸ ಎಲ್ಲ ಬರೆದುಕೊಳ್ಳುತ್ತಿದ್ದರು. ತಮ್ಮ ಕೋಟಿನ ಪ್ರತಿ ಗುಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಮೊದಲೇ ಅಳೆದುಕೊಂಡು, ಮಗು ಯಾವ ಗುಂಡಿಯವರೆಗೆ ಬರುತ್ತದೆ ನೋಡಿ ಎತ್ತರ ಬರೆಯುತ್ತಿದ್ದರು. ಇಂಥ ಅಡಿಬರಹ ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳಿ.

ಏನಿಲ್ಲ ಅಂತ ಕೇಳಿ

ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಸಂಗ್ರಹದಲ್ಲಿ ಬೀದಿ ಇದೆ, ಅಂಗಳ ಇದೆ, ಬಾಗಿಲು ಇದೆ. ಅಡುಗೆಮನೆ ಎಲ್ಲಿ? ರಾತ್ರಿ ಎಲ್ಲಿ? ಕಾಯಿಲೆ ಬಿದ್ದವರು, ಪಾತ್ರೆ ತೊಳೆಯುವವರು? ಬೆಳಕು ಎಲ್ಲಿ ಇತ್ತೋ ಅಲ್ಲಿ ಫೋಟೋ ಇತ್ತು, ಅಷ್ಟೇ. ಜೇಕಬ್ ರೀಸ್ 1887ರ ನಂತರ ನ್ಯೂಯಾರ್ಕಿನ ಬಡವರ ಕೋಣೆಗಳೊಳಗೆ ಮೆಗ್ನೀಸಿಯಂ ಫ್ಲ್ಯಾಶ್ ಪುಡಿ ಸುಟ್ಟು ಫೋಟೋ ತೆಗೆದಾಗ ಕತ್ತಲೆಯೊಳಗಿನ ಬದುಕು ಕಂಡಿತು. ಆದರೆ ಕೆಲವು ಮುಖಗಳಲ್ಲಿ ಇರುವುದು ಬಡತನದ ಭಾವವೋ, ನಿದ್ದೆಯಲ್ಲಿ ಬೆಂಕಿ ಹೊಳೆದಾಗಿನ ಗಾಬರಿಯೋ? ಯೋಚಿಸಬೇಕಾದ ವಿಷಯ.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ತಂದರು. ಒಳಗೆ 100 ಫೋಟೋಗಳಿಗೆ ಆಗುವಷ್ಟು ಫಿಲ್ಮ್, ಬೆಲೆ 25 ಡಾಲರ್, ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. 1900ರಲ್ಲಿ 1 ಡಾಲರಿನ ಬ್ರೌನಿ ಬಂತು. ಆಗ ಮನೆಯವರೇ ಮನೆಯವರನ್ನು ತೆಗೆಯತೊಡಗಿದರು. ನಾಯಿ ಬಂತು, ಕಡಲ ತೀರ ಬಂತು, ನಗು ಬಂತು. ಪಾತ್ರೆ ತೊಳೆಯುವುದು ಆಗಲೂ ಬರಲಿಲ್ಲ! ಫಿಲ್ಮಿಗೆ ದುಡ್ಡು ಕೊಟ್ಟವರು ಅದನ್ನು ರಜೆಗೆ ಖರ್ಚು ಮಾಡುತ್ತಾರೆ, ಮಾಮೂಲಿ ಮಂಗಳವಾರಕ್ಕಲ್ಲ. ಮಾಮೂಲಿ ಮಂಗಳವಾರವನ್ನೇ ಹುಡುಕಿಕೊಂಡು ಹೋದವರೂ ಇದ್ದಾರೆ. 1937ರಲ್ಲಿ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಹಂಫ್ರಿ ಸ್ಪೆಂಡರ್ ಕೋಟಿನೊಳಗೆ ಲೈಕಾ ಕ್ಯಾಮೆರಾ ಬಚ್ಚಿಟ್ಟುಕೊಂಡು ಅಲೆದರು. ಜನರಿಗೆ ಗೊತ್ತಾಗದಂತೆ ತೆಗೆದ ಫೋಟೋಗಳು ಅವು. ಸಹಜವಾಗಿವೆ, ನಿಜ. ಕೇಳದೆ ತೆಗೆದದ್ದು ಅನ್ನುವ ಇರುಸುಮುರುಸೂ ನೋಡುವಾಗ ಜೊತೆಗಿರುತ್ತದೆ, ಇರಲಿ.

ಕ್ಯಾಟಲಾಗಿನಲ್ಲಿ ಹುಡುಕುವಾಗ

"ದಿನನಿತ್ಯದ ಬದುಕು" ಅಂತ ಟೈಪ್ ಮಾಡಿದರೆ ಮ್ಯೂಸಿಯಂ ಯಾವುದನ್ನು ಹಾಗೆ ಕರೆದಿದೆಯೋ ಅದು ಮಾತ್ರ ಸಿಗುತ್ತದೆ. ವಸ್ತುವಿನ ಹೆಸರು ಹಾಕಿ: ಪೊರಕೆ, ಬಕೆಟ್, ಏಣಿ, ಕೊಡೆ, ಸ್ಟೂಲು. ಆ ಕ್ಯಾಟಲಾಗಿನ ಭಾಷೆಯಲ್ಲಿ, ಆ ಕಾಲದ ಹಳೆಯ ಪದಗಳಲ್ಲೂ ಹಾಕಿ ನೋಡಿ. "ಫೋಟೋಗ್ರಾಫರ್ ಅಜ್ಞಾತ" ಅನ್ನುವುದನ್ನೂ ಹುಡುಕಿ, ನಿಧಿ ಇರುವುದು ಅಲ್ಲೇ.

ಆಮೇಲೆ ಪಕ್ಕದ ನಂಬರು. ನಿಮ್ಮ ಫೋಟೋ 214 ಆಗಿದ್ದರೆ 213, 215 ನೋಡದೆ ಏಳಬೇಡಿ. ಅಮೆರಿಕ ಸರ್ಕಾರದ ಕೃಷಿ ಭದ್ರತಾ ಆಡಳಿತದ ಹೆಸರಿನಿಂದ ಪ್ರಸಿದ್ಧವಾದ, 1935ರಿಂದ 1944ರವರೆಗೆ ಸಾಗಿದ ದೊಡ್ಡ ಫೋಟೋ ಯೋಜನೆ ಸುಮಾರು 1,75,000 ಕಪ್ಪು ಬಿಳುಪು ನೆಗೆಟಿವ್‌ಗಳನ್ನು ಬಿಟ್ಟುಹೋಗಿದೆ. ಅವು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅದನ್ನು ನಡೆಸಿದ ರಾಯ್ ಸ್ಟ್ರೈಕರ್ ಫೋಟೋಗ್ರಾಫರುಗಳಿಗೆ ಪಟ್ಟಿ ಬರೆದು ಕಳಿಸುತ್ತಿದ್ದರು: ಸಂಜೆ ಹೊತ್ತು ಮನೆಗಳಲ್ಲಿ ಏನು ಮಾಡುತ್ತಾರೆ, ಯಾರ ಮನೆ ಗೋಡೆಯ ಮೇಲೆ ಏನು ತೂಗುಹಾಕಿದ್ದಾರೆ, ಇಂಥವೆಲ್ಲ. ಇದೇ ಮನುಷ್ಯ ತಮಗೆ ಹಿಡಿಸದ ನೆಗೆಟಿವ್‌ಗಳಿಗೆ ಪಂಚ್‌ನಿಂದ ತೂತು ಹೊಡೆಯುತ್ತಿದ್ದರು. ತೂತಿನ ಫೋಟೋಗಳೂ ಉಳಿದಿವೆ, ನಡುವೆ ಕಪ್ಪು ಚುಕ್ಕೆ ಹೊತ್ತುಕೊಂಡು. ಅವನ್ನು ನೋಡಿ. ಆಯ್ದದ್ದಕ್ಕೆ ಮೊದಲು ಮತ್ತು ಆಮೇಲೆ ಆ ಜನ ಹೇಗಿದ್ದರು ಅಂತ ತಿಳಿಯುವುದು ಅಲ್ಲಿ.

ಮ್ಯೂಸಿಯಂಗೆ ಹೋಗಿ ನೋಡುವುದಾದರೆ

ಮೊದಲೇ ಸಮಯ ಕೇಳಿಕೊಳ್ಳಿ, ಯಾವ ನಂಬರಿನ ಫೋಟೋ ಬೇಕು ಅಂತ ಬರೆದುಕೊಂಡು ಹೋಗಿ. ಪೆನ್ನು ಬೇಡ, ಪೆನ್ಸಿಲ್. ಕೈಗವಸು ಹಾಕಬೇಕಾ ಬೇಡವಾ ಅವರೇ ಹೇಳುತ್ತಾರೆ. ಡಗೇರೋಟೈಪ್ ಕೊಟ್ಟರೆ ಓರೆ ಮಾಡಿ ಮಾಡಿ ನೋಡಬೇಕು, ನೇರ ಹಿಡಿದರೆ ನಿಮ್ಮ ಮುಖವೇ ಕಾಣುತ್ತದೆ.

ಬರೆದಿಡಿ, ತಿದ್ದಿ ಕಳಿಸಿ

ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಕಂಡದ್ದು, ಊಹಿಸಿದ್ದು, ಗೊತ್ತಿಲ್ಲದ್ದು. "ಬಡ ಹೆಂಗಸು" ಅನ್ನುವುದು ಊಹೆ, "ತೋಳಿನ ಹತ್ತಿರ ತೇಪೆ ಹಾಕಿದ ಅಂಗಿ" ಅನ್ನುವುದು ಕಂಡದ್ದು. ಮೊದಮೊದಲು ನನ್ನ ಎಲ್ಲ ವಾಕ್ಯಗಳೂ ಎರಡನೇ ಸಾಲಿಗೇ ಹೋಗುತ್ತಿದ್ದವು.

ಮ್ಯೂಸಿಯಂನ ಅಡಿಬರಹದಲ್ಲಿ ತಪ್ಪು ಕಂಡರೆ ಸಾಕ್ಷಿ ಸಮೇತ ಬರೆದು ತಿಳಿಸಿ. ಸಂಕೋಚ ಬೇಡ. 2008ರ ಜನವರಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,000 ಫೋಟೋಗಳನ್ನು ಫೋಟೋ ಹಂಚುವ ವೆಬ್‌ಸೈಟ್ ಫ್ಲಿಕರ್‌ನಲ್ಲಿ ಹಾಕಿದಾಗ ನೋಡಿದ ಜನ ಜಾಗ, ಹೆಸರು, ದಿನಾಂಕ ಗುರುತಿಸಿ ಹೇಳಿದರು. ಅದರಿಂದ ನೂರಾರು ದಾಖಲೆಗಳು ತಿದ್ದುಪಡಿಯಾದವು.

ರಸ್ತೆ ಅಗೆತದ ನನ್ನ ಫೋಟೋದ ಹಾಳೆ ಈಗಲೂ ನನ್ನ ಹತ್ತಿರ ಇದೆ. ಮೊದಲನೇ ಸಾಲು ತುಂಬಿದೆ, ಎರಡನೆಯದರಲ್ಲಿ ಅರ್ಧ ಹೊಡೆದುಹಾಕಿದ್ದೇನೆ. ಮೂರನೆಯದರಲ್ಲಿ ಆ ಕುರ್ಚಿ ಇದೆ. ಒಳ್ಳೇ ಕುರ್ಚಿ, ಮನೆಯೊಳಗಿನದು, ಕಾಲುದಾರಿಯ ಮೇಲೆ, ಗೋಡೆಗೆ ಮುಖ ಮಾಡಿ. ಕಿಟಕಿಯ ಆ ಹೆಂಗಸು ನೋಡುತ್ತಿದ್ದದ್ದು ಅಗೆದ ಗುಂಡಿಯನ್ನಲ್ಲ, ಕುರ್ಚಿಯನ್ನು ಅಂತ ಮೊನ್ನೆ ಅನ್ನಿಸಿತು. ಎರಡನೇ ಸಾಲಿಗೆ ಬರೆದುಕೊಂಡೆ.